ಮಡಲು ಹುಡಿ ಮಾಡುವ ಯಂತ್ರ: ಸಬ್ಸಿಡಿ ಬಂತು, ಸುರಕ್ಷತೆ ಬಂತೇ?

ಕಾಸರಗೋಡು: ತೆಂಗಿನ ಮಡಲು, ಅಡಿಕೆ ಸೋಗೆಗಳನ್ನು ತೋಟದಲ್ಲೇ ಸುಟ್ಟುಬಿಡುವ ಕ್ರಮ ನಿಧಾನವಾಗಿ ಕಡಿಮೆಯಾಗುತ್ತಿದೆ. ಮಡಲಿನಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ಇಲ್ಲಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. ಕೊಚ್ಚಿದ ಮಡಲು ಬೇಗ ಗೊಬ್ಬರವಾಗುತ್ತದೆ. ಕತ್ತಿ ಹಿಡಿದು ಕೊಚ್ಚಲು ಮಾತ್ರ ಆಳುಗಳಿಲ್ಲ. ಆದ್ದರಿಂದಲೇ ಶ್ರೆಡ್ಡರ್, ಚಿಪ್ಪರ್‌ಗಳಿಗೆ ಬೇಡಿಕೆ. 2014-15ರಲ್ಲಿ ಆರಂಭವಾದ ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ ರೈತರು, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಯಂತ್ರದ ಬೆಲೆಯ ಶೇ. 50ರವರೆಗೆ, ಇತರರಿಗೆ ಶೇ. 40ರವರೆಗೆ ಸಹಾಯಧನವಿದೆ.

ಯಂತ್ರವೇನೋ ಮನೆಗೆ ಬರುತ್ತದೆ. ಅದನ್ನು ನಡೆಸುವ ತಿಳುವಳಿಕೆ ಜೊತೆಗೆ ಬರುತ್ತದೆಯೇ?

ನಿಮಿಷಕ್ಕೆ 1,440 ಸುತ್ತಿನ ಮೋಟಾರು ಎಂದರೆ ಸೆಕೆಂಡಿಗೆ 24 ಸುತ್ತು. ಕೈ ಹಿಂದಕ್ಕೆಳೆಯಬೇಕೆಂದು ತೋಚುವ ಮೊದಲೇ ಅಲಗು ಮಡಲನ್ನು, ಅದರೊಡನೆ ಕೈಯನ್ನು ಎಳೆದುಕೊಂಡಿರುತ್ತದೆ. ಹೆಗಲ ಮೇಲಿನ ಬೈರಾಸು, ಸೀರೆಯ ಸೆರಗು, ಬಳೆ, ಸಡಿಲ ಕೈಚೀಲ ಎಲ್ಲವೂ ಇಲ್ಲಿ ಅಪಾಯವೇ.

ಪಾಲಿಸಬೇಕಾದ ಕ್ರಮ ಕಷ್ಟದ್ದಲ್ಲ. ಮೈಗಂಟುವ ಬಟ್ಟೆ, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇರಲಿ. ಯಂತ್ರದ ಬಾಯಿಯ ನೇರಕ್ಕೆ ನಿಲ್ಲದೆ ಬದಿಗೆ ನಿಂತು, ಕೊತ್ತಳಿಗೆಯ ಕಡೆಯಿಂದ ಮಡಲನ್ನು ತುರುಕಬೇಕು. ಕೊನೆಯ ತುಂಡನ್ನು ಇನ್ನೊಂದು ಮಡಲಿನಿಂದಲೋ ಕೋಲಿನಿಂದಲೋ ದೂಡಬೇಕು. ಕೈ, ಕಾಲು ಖಂಡಿತ ಬೇಡ. ಕಲ್ಲು, ತಂತಿ, ನೈಲಾನ್ ಹಗ್ಗ ಸೇರದಂತೆ ನೋಡಬೇಕು. ಬೆಲ್ಟಿನ ಮುಚ್ಚಳ ತೆಗೆದು ಓಡಿಸಬಾರದು. ಸ್ವಿಚ್ಚಿನ ಹತ್ತಿರ ಇನ್ನೊಬ್ಬರಿರಬೇಕು, ಮಕ್ಕಳು ದೂರವಿರಬೇಕು.

ಮಡಲು ಸಿಕ್ಕಿಕೊಂಡರೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅಲಗು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ನಮ್ಮೂರ ಕರೆಂಟಿನ ಕತೆ ಗೊತ್ತಿದ್ದದ್ದೇ. ಅದು ಹೋದಾಗ ಸ್ವಿಚ್ ಆರಿಸದೆ ಯಂತ್ರದೊಳಗೆ ಕೈ ಹಾಕಿದವನಿಗೆ, ಅದು ಮರಳಿ ಬರುವ ಗಳಿಗೆ ಗೊತ್ತಿರುವುದಿಲ್ಲ.

ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆ ಮಾಡಬೇಕು. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಮಂಜುಗಡ್ಡೆ ನೇರವಾಗಿ ತಾಗಬಾರದು. ದೊಡ್ಡ ಚಿಕಿತ್ಸೆಗೆ ಇಲ್ಲಿಯವರು ನಂಬಿದ್ದು ಮಂಗಳೂರನ್ನು. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ದುರ್ಬಲ ಎಂಬುದನ್ನು ಕಂಡಿದ್ದೇವೆ.

ಕಾನೂನು ಇಲ್ಲವೆಂದಲ್ಲ. 1983ರ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ, ಕೃಷಿಯಂತ್ರದಿಂದ ಗಾಯಗೊಂಡವರಿಗೆ ಪರಿಹಾರದ ಮಾತನ್ನಾಡುತ್ತದೆ. ಆದರೆ ಅದು ಹೆಸರಿಸಿ ಹೇಳಿದ್ದು ಪವರ್ ಥ್ರೆಷರನ್ನು; ಉಳಿದ ಯಂತ್ರಗಳನ್ನು ಕೇಂದ್ರವು ಅಧಿಸೂಚನೆಯ ಮೂಲಕ ಸೇರಿಸಬೇಕು. ಭತ್ತ, ಗೋಧಿಯ ನಾಡನ್ನು ನೆನೆದು ಬರೆದ ಕಾಯ್ದೆ ತೆಂಗು, ಅಡಿಕೆಯ ತೋಟಕ್ಕೂ ಇಳಿದು ಬರಬೇಡವೇ?

ಇನ್ನೊಂದು ಭಾಷೆಯ ಪ್ರಶ್ನೆ. ಮಲಯಾಳ ಚೆನ್ನಾಗಿ ಮಾತಾಡಿದರೂ ಓದಲು ಬಾರದ ಹಿರಿಯರು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಇದ್ದಾರೆ. ಎಚ್ಚರಿಕೆಯ ಚೀಟಿ ಅವರು ಓದುವ ಲಿಪಿಯಲ್ಲಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಸಹಾಯಧನದ ಅರ್ಜಿ ಪಡೆಯುವ ಕೃಷಿಭವನಗಳು ಕನ್ನಡದಲ್ಲಿ ಒಂದು ಪುಟದ ಸೂಚನೆ, ಅರ್ಧ ದಿನದ ತರಬೇತಿ ಕೊಡಲಿ. ಯಂತ್ರದ ಅರ್ಧ ಬೆಲೆ ಕೊಡಬಲ್ಲ ಸರಕಾರಕ್ಕೆ ಇದು ದೊಡ್ಡ ಹೊರೆಯೇನಲ್ಲ.