ಗೌಹರ್ ಒಬ್ಬರಲ್ಲ
ಸಂಗೀತ ಮಾಹಿತಿಕೋಶಗಳನ್ನು ಅಲ್ಲಗಳೆಯುವವರಿಗೆ ಒಂದು ಪ್ರತ್ಯುತ್ತರ

ಕಳೆದ ತಿಂಗಳು ನಮ್ಮ ಸಂಗೀತ ಮಿತ್ರರ ಕೂಟದಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ಬಗ್ಗೆ ಮಾತಾಡಿದೆ. ಕಲಾವಿದರ ವಿವರಗಳನ್ನು ಡಿಸ್ಕಾಗ್ಸ್ ಮತ್ತು ಮ್ಯೂಸಿಕ್‌ಬ್ರೇನ್ಸ್ ಎಂಬ ಅಂತರ್ಜಾಲದ ಎರಡು ಕೋಶಗಳಿಂದ ತೆಗೆದುಕೊಂಡಿದ್ದೇನೆ ಎಂದದ್ದೇ ತಡ, ಆಕ್ಷೇಪಗಳು ಒಂದರ ಮೇಲೊಂದು ಬಂದವು. ಎತ್ತಿದವರೆಲ್ಲ ನನಗಿಂತ ಹಿರಿಯರು, ನನಗಿಂತ ಹೆಚ್ಚು ಸಂಗೀತ ಕೇಳಿದವರು. ಅಂದು ನನಗೆ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಇಲ್ಲಿ ಹೇಳುತ್ತೇನೆ.

ಮೊದಲ ಆಕ್ಷೇಪ: ‘ಯಾರು ಬೇಕಾದರೂ ಬರೆಯಬಹುದಾದ ಕೋಶವನ್ನು ನಂಬುವುದು ಹೇಗೆ?’

ಅಲ್ಲಿ ತಪ್ಪುಗಳಿವೆ, ನಾನೇ ಹಲವು ಕಂಡಿದ್ದೇನೆ. ಆದರೆ ‘ಯಾರು ಬೇಕಾದರೂ’ ಎನ್ನುವುದಕ್ಕೂ ‘ಹೇಗೆ ಬೇಕಾದರೂ’ ಎನ್ನುವುದಕ್ಕೂ ಬಹಳ ಅಂತರವಿದೆ. 2000ದಲ್ಲಿ ಕೆವಿನ್ ಲೆವಾಂಡೌಸ್ಕಿ ಎಂಬ ಅಮೆರಿಕದ ಯುವಕ ಎಲೆಕ್ಟ್ರಾನಿಕ್ ಸಂಗೀತದ ತಟ್ಟೆಗಳಿಗಾಗಿ ಶುರುಮಾಡಿದ್ದು ಡಿಸ್ಕಾಗ್ಸ್. ಒಂದು ತಟ್ಟೆಯನ್ನು ಅಲ್ಲಿ ಹೊಸದಾಗಿ ಸೇರಿಸುವವರ ಕೈಯಲ್ಲಿ ಆ ತಟ್ಟೆಯೇ ಇರಬೇಕೆಂಬುದು ಅಲ್ಲಿನ ನಿಯಮ. ಲೇಬಲ್ ಮೇಲೆ ಅಚ್ಚಾದದ್ದು ಏನು, ಕ್ಯಾಟಲಾಗ್ ಸಂಖ್ಯೆ ಯಾವುದು, ಲೇಬಲ್‌ನ ಅಂಚಿಗೆ ಗೀರಿದ ಮ್ಯಾಟ್ರಿಕ್ಸ್ ಸಂಖ್ಯೆ ಯಾವುದು ಎಂದು ನೋಡಿ ಬರೆಯಬೇಕು. ಮ್ಯೂಸಿಕ್‌ಬ್ರೇನ್ಸ್‌ನಲ್ಲಿ ಮುಖ್ಯ ತಿದ್ದುಪಡಿಗಳು ಸಾಮಾನ್ಯವಾಗಿ ಏಳು ದಿನ ಇತರರ ಮತಕ್ಕಾಗಿ ತೆರೆದಿರುತ್ತವೆ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ಅಳಿಯದೆ ಉಳಿಯುತ್ತದೆ.

ಅಚ್ಚಾದ ಪುಸ್ತಕದಲ್ಲಿ ಈ ಸೌಕರ್ಯ ಎಲ್ಲಿದೆ? ಕೆಲವು ವರ್ಷಗಳ ಹಿಂದೆ ಒಂದು ಸ್ಮರಣ ಸಂಚಿಕೆಯಲ್ಲಿ ಬೀಳಗಿಯ ಗೋಹರಬಾಯಿ ಕರ್ನಾಟಕಿಯವರ ಲೇಖನಕ್ಕೆ ಕಲ್ಕತ್ತೆಯ ಗೌಹರ್ ಜಾನರ ಚಿತ್ರ ಹಾಕಿದ್ದರು. ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಆ ಸಂಚಿಕೆ ಈಗಲೂ ಗ್ರಂಥಾಲಯದ ಕಪಾಟಿನಲ್ಲಿ ಕುಳಿತು ಅದೇ ತಪ್ಪನ್ನು ಓದುಗರಿಗೆ ಹೇಳುತ್ತಿದೆ. ಕೋಶದಲ್ಲಾಗಿದ್ದರೆ ನಾನೇ ತಿದ್ದುತ್ತಿದ್ದೆ. ನನ್ನ ತಿದ್ದುಪಡಿಯೇ ತಪ್ಪಾಗಿದ್ದರೆ ಇನ್ನೊಬ್ಬರು ಅದನ್ನು ಹಿಡಿಯುತ್ತಿದ್ದರು.

ಎರಡನೆಯದು: ‘ಫೋನಿನಲ್ಲಿ ಹಾಡಿನ ಆ್ಯಪ್ ಇದೆ. ಹೆಸರು ಟೈಪ್ ಮಾಡಿದರೆ ಹಾಡು ಬರುತ್ತದೆ. ಇಷ್ಟೆಲ್ಲ ಯಾಕೆ?’

ಹಾಡು ಬರುತ್ತದೆ, ಆದರೆ ಹಾಡಿದವರು ಯಾರು? ಗೌಹರ್ ಎಂಬ ಹೆಸರನ್ನೇ ನೋಡಿ. 1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಮುದ್ರಿಸಿಕೊಂಡ ಗೌಹರ್ ಜಾನ್ ಒಬ್ಬರು. ಅವರು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಕಾಲದಲ್ಲೇ ಜೈಪುರದ ಗೌಹರ್ ಜಾನ್, ಪಟಿಯಾಲದ ಗೌಹರ್ ಜಾನ್ ಎಂಬ ಬೇರೆ ಗಾಯಕಿಯರೂ ತಟ್ಟೆ ಕೊಟ್ಟರು. ನಮ್ಮ ಬೀಳಗಿಯ ಗೋಹರಬಾಯಿ ಇನ್ನೊಬ್ಬರು. ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಅಕ್ಕ, ಮರಾಠಿ ರಂಗನಟ ಬಾಲಗಂಧರ್ವರ ಜೊತೆ ರಂಗದ ಮೇಲೆ ಹಾಡಿದವರು. ಆ್ಯಪ್‌ಗಳಲ್ಲಿ ಒಂದೇ ಹೆಸರಿನವರ ಹಾಡುಗಳೆಲ್ಲ ಒಂದೇ ಗುಡ್ಡೆಗೆ ಬೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾಹಿತಿಕೋಶ ಮಾಡುವ ಮೊದಲ ಕೆಲಸವೇ ಅವರನ್ನು ಬೇರೆ ಬೇರೆ ವ್ಯಕ್ತಿಗಳಾಗಿ ನಿಲ್ಲಿಸುವುದು. ಒಬ್ಬೊಬ್ಬರಿಗೂ ಒಂದೊಂದು ಗುರುತಿನ ಸಂಖ್ಯೆ, ಹೆಸರಿನ ಪಕ್ಕದಲ್ಲಿ ‘ಇವರು ಇಂಥವರು’ ಎಂಬ ಒಂದು ಸಾಲು. ಆ ಒಂದು ಸಾಲನ್ನು ಬರೆಯಲು ಯಾರೋ ಒಬ್ಬರು ನಾಲ್ಕು ಸಂಜೆ ಕಳೆದಿರುತ್ತಾರೆ.

ಆ್ಯಪ್ ಮುಂದೆ ತಂದಿಡುವುದು ನಮ್ಮಂಥವರು ಆಗಲೇ ಕೇಳಿದ್ದನ್ನು. ಯಾರೂ ಕೇಳದವರು ಆ ದಾರಿಯಲ್ಲಿ ಸಿಗುವುದು ಕಷ್ಟ. ಕೋಶದಲ್ಲಿ ಹಾಗಲ್ಲ, ತಟ್ಟೆಯಿಂದ ಕಂಪನಿಗೆ, ಕಂಪನಿಯಿಂದ ಅದೇ ಸರಣಿಯ ಮುಂದಿನ ಸಂಖ್ಯೆಗೆ, ಅಲ್ಲಿಂದ ಹಾರ್ಮೋನಿಯಂ ನುಡಿಸಿದವರಿಗೆ ನಾವೇ ನಡೆದು ಹೋಗಬಹುದು. ನಮ್ಮ ಚಿತ್ರಸಂಗೀತಕ್ಕಂತೂ ಇದು ತುರ್ತಾಗಿ ಬೇಕು. ಇಳಯರಾಜ ಸ್ವತಂತ್ರ ನಿರ್ದೇಶಕರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದರು. ಇದು ಎಲ್ಲರಿಗೂ ಗೊತ್ತಿರುವುದು ಇಳಯರಾಜ ದೊಡ್ಡವರಾದ್ದರಿಂದ. ಅದೇ ವಾದ್ಯವೃಂದದಲ್ಲಿ ಕುಳಿತ ಪಿಟೀಲಿನವರು, ಕೊಳಲಿನವರು, ತಬಲಾದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ನನ್ನನ್ನು ಬಹಳ ದಿನ ಕಾಡಿದ್ದೂ ಅದೇ: ‘ಸಂಗೀತ ಕಿವಿಯ ವಿದ್ಯೆ. ಗುರುಮುಖದಿಂದ ಬರುವುದು. ಇಸವಿ, ಸಂಖ್ಯೆ ಕಟ್ಟಿಕೊಂಡು ಏನಾಗಬೇಕು? ಕಿವಿ ಇದ್ದವನಿಗೆ ಕಲಾವಿದ ತಾನಾಗಿ ಸಿಗುತ್ತಾನೆ.’

ಇದನ್ನು ಹೇಳಿದ ಹಿರಿಯರು ಗಂಗೂಬಾಯಿ ಹಾನಗಲ್ಲರ ಪರಮ ಭಕ್ತರು. ಹಾಗಾಗಿ ಅವರ ಉದಾಹರಣೆಯನ್ನೇ ಕೊಡುತ್ತೇನೆ. ಗಂಗೂಬಾಯಿಯವರ ಮೊದಲ ತಟ್ಟೆಗಳು 1930ರ ದಶಕದಲ್ಲಿ ಎಚ್‌ಎಂವಿಯಿಂದ ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಆ ದನಿ ತೆಳು, ಎತ್ತರದ ಶ್ರುತಿಯದು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅವರ ದನಿ ಬದಲಾಯಿತು. ನಾವು ಆಕಾಶವಾಣಿಯಲ್ಲಿ, ಕಛೇರಿಗಳಲ್ಲಿ ಕೇಳಿ ಎದೆಗಿಟ್ಟುಕೊಂಡ ಆ ಗಡುಸು, ಗಂಭೀರ ಕಂಠ ಆಮೇಲಿನದು. ಈ ಎರಡು ದನಿಗಳನ್ನು ಹಿಂದೆಮುಂದೆ ಹೇಳದೆ ಕೇಳಿಸಿದರೆ ಒಬ್ಬರದೇ ಎಂದು ಯಾವ ಕಿವಿ ಹೇಳೀತು? ಹೆಸರು ಬೇರೆ, ಕಂಠ ಬೇರೆ. ‘ಗಾಂಧಾರಿ ಎಂದರೆ ಗಂಗೂಬಾಯಿಯೇ’ ಎಂಬ ಕೊಂಡಿಯನ್ನು ಯಾರಾದರೂ ಬರೆದಿಟ್ಟರೆ ಮಾತ್ರ ಇಂದಿನ ಹುಡುಗಿಯೊಬ್ಬಳು ಆ ತಟ್ಟೆಯನ್ನು ತಲುಪುತ್ತಾಳೆ. ಮ್ಯೂಸಿಕ್‌ಬ್ರೇನ್ಸ್‌ನಂಥ ಕೋಶದಲ್ಲಿ ಇದಕ್ಕೆಂದೇ ಏರ್ಪಾಟಿದೆ. ತಟ್ಟೆಯ ಮೇಲೆ ಅಚ್ಚಾದ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಅದರ ಹಿಂದಿರುವ ವ್ಯಕ್ತಿಗೆ ಜೋಡಿಸಬಹುದು.

ಇಸವಿಯಿಂದ ಏನಾಗಬೇಕು ಎಂದಿರಲ್ಲ, ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವಾಗ ಆಗುವುದನ್ನು ಹೇಳುತ್ತೇನೆ. ಅವರು ಮೊದಲು ಕಲಿತದ್ದು ಮಿರಜಿನ ನೀಲಕಂಠಬುವಾ ಅವರಲ್ಲಿ, ಗ್ವಾಲಿಯರ್ ಘರಾಣೆಯ ಗಾಯನಶೈಲಿ. ಆಮೇಲೆ ಜೈಪುರ–ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಬಳಿ ಹೋದರು. ಮಂಜಿ ಖಾನ್ 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿ ಖಾನರಲ್ಲಿ ಮುಂದುವರಿಸಿದರು. ಮನ್ಸೂರರ 78 ಆರ್‌ಪಿಎಂ ತಟ್ಟೆಗಳನ್ನು ಕೇಳುವಾಗ ಇದು ಮಂಜಿ ಖಾನರಿಗೂ ಹಿಂದಿನದೋ ಮುಂದಿನದೋ ಎಂಬುದು ತಿಳಿದರೆ, ಆ ಮೂರು ನಿಮಿಷದಲ್ಲಿ ಒಂದು ಕಂಠ ಗ್ವಾಲಿಯರಿನಿಂದ ಜೈಪುರ–ಅತ್ರೌಲಿಯ ಕಡೆ ಹೊರಳುವುದು ಕೇಳಿಸುತ್ತದೆ. ತಿಳಿಯದಿದ್ದರೆ ‘ಹಳೇ ಮನ್ಸೂರ್’ ಎಂದು ಸುಮ್ಮನಾಗುತ್ತೇವೆ. ಆ ತಟ್ಟೆಗಳ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಕ್ಯಾಟಲಾಗ್ ಸಂಖ್ಯೆಯನ್ನೂ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ ಅಕ್ಕಪಕ್ಕದ ತಟ್ಟೆಗಳ ಜೊತೆ ಹೋಲಿಸಿಯೇ ಕಾಲವನ್ನು ಅಂದಾಜು ಮಾಡಬೇಕು. ಒಂದು ಮನೆಯ ಪೆಟ್ಟಿಗೆಯಲ್ಲಿರುವ ಐವತ್ತು ತಟ್ಟೆಗಳಿಂದ ಆಗುವ ಕೆಲಸವಲ್ಲ ಇದು, ನೂರಾರು ಮನೆಗಳ ಪೆಟ್ಟಿಗೆಗಳು ಒಂದು ಕಡೆ ಸೇರಬೇಕು. ಕಿವಿಯನ್ನು ನಾನು ಕಡೆಗಣಿಸುತ್ತಿಲ್ಲ, ಕೇಳುವ ಮೊದಲು ಏನನ್ನು ಕೇಳುತ್ತಿದ್ದೇವೆ ಎಂದು ತಿಳಿದಿರಲಿ ಎನ್ನುತ್ತಿದ್ದೇನೆ.

ನಾಲ್ಕನೆಯದು: ‘ಇವೆಲ್ಲ ಹೊರಗಿನವರ ಕೋಶಗಳು. ಆಲ್ಬಂ, ಟ್ರ್ಯಾಕ್ ಎಂಬ ಅವರ ಚೌಕಟ್ಟಿಗೆ ನಮ್ಮ ರಾಗ, ತಾಳ ಹೊಂದುವುದಿಲ್ಲ. ಕನ್ನಡ ಅಲ್ಲಿ ಎಲ್ಲಿದೆ?’

ಇದರಲ್ಲಿ ಅರ್ಧ ನಿಜ. ಕನ್ನಡ ಅಲ್ಲಿ ಬಹಳ ಕಡಿಮೆ ಇದೆ. ನಮ್ಮ ಭಾವಗೀತೆಯ ಕ್ಯಾಸೆಟ್‌ಗಳು, ಕಂಪನಿ ನಾಟಕದ ತಟ್ಟೆಗಳು, ಗೀಗೀ ಪದದವರು, ತತ್ವಪದದವರು ಹುಡುಕಿದರೆ ಸಿಗುವುದು ಅಪರೂಪ. ಆದರೆ ಚೌಕಟ್ಟಿನ ಮಾತು ಹಳೆಯದಾಯಿತು. ಬಾರ್ಸಿಲೋನಾದ ಪೊಂಪೆವ್ ಫಾಬ್ರಾ ವಿಶ್ವವಿದ್ಯಾಲಯದ ಕ್ಸೇವಿಯರ್ ಸೆರ್ರಾ ಅವರ ಮುಂದಾಳುತನದಲ್ಲಿ ಕಾಂಪ್‌ಮ್ಯೂಸಿಕ್ ಎಂಬ ಸಂಶೋಧನೆ 2011ರಲ್ಲಿ ಆರಂಭವಾಯಿತು. ಅದು ಕರ್ನಾಟಕ ಮತ್ತು ಹಿಂದುಸ್ತಾನಿ ಸಂಗೀತದ ಮಾಹಿತಿಯನ್ನು ಮ್ಯೂಸಿಕ್‌ಬ್ರೇನ್ಸ್‌ಗೆ ತುಂಬಿತು. ಇಂದು ಅಲ್ಲಿ ಕೃತಿಯೊಂದಕ್ಕೆ ರಾಗ, ತಾಳಗಳನ್ನು ನಮೂದಿಸಲು ಪ್ರತ್ಯೇಕ ಜಾಗವಿದೆ, ಎರಡೂ ಪದ್ಧತಿಗಳಿಗೆ ಬೇರೆ ಬೇರೆಯಾಗಿ. ಕಲಾವಿದರ ಹೆಸರನ್ನು ಕನ್ನಡ ಲಿಪಿಯಲ್ಲೇ ಸೇರಿಸಬಹುದು. ಜಾಗ ಖಾಲಿ ಇರುವುದು ನಾವು ತುಂಬದೆ ಇರುವುದರಿಂದ. ಇನ್ನು ಹೊರಗಿನವರು ಎಂಬುದಕ್ಕೆ ಒಂದೇ ಮಾತು: 1894ರಲ್ಲಿ ಅಚ್ಚಾದ ಕಿಟ್ಟೆಲರ ಕೋಶವನ್ನು ನಾವು ಹೊರಗಿನದೆಂದು ಬದಿಗಿಟ್ಟಿಲ್ಲ.

ಕೊನೆಯದು ಹಣದ ಮಾತು: ‘ನೀವು ಪುಕ್ಕಟೆ ದುಡಿಯುತ್ತೀರಿ, ಲಾಭ ಇನ್ನಾರಿಗೋ.’ ಹಾಗೆ ನಡೆದದ್ದುಂಟು. ಸಿಡಿಡಿಬಿ ಎಂಬ ಹಿಂದಿನ ಕೋಶಕ್ಕೆ ಸಾವಿರಾರು ಜನ ತಮ್ಮ ಸಿಡಿಗಳ ಹಾಡುಪಟ್ಟಿಯನ್ನು ಕೈಯಾರೆ ತುಂಬಿಕೊಟ್ಟರು. ಮುಂದೆ ಅದು ಗ್ರೇಸ್‌ನೋಟ್ ಎಂಬ ವ್ಯಾಪಾರಿ ಸಂಸ್ಥೆಯಾಯಿತು. ಆ ಪೆಟ್ಟಿನಿಂದಲೇ ರಾಬರ್ಟ್ ಕೇ ಮ್ಯೂಸಿಕ್‌ಬ್ರೇನ್ಸ್ ಕಟ್ಟಿದರು. ಅದರ ಮೂಲ ಮಾಹಿತಿ ಯಾರ ಸ್ವತ್ತೂ ಅಲ್ಲ, ಪೂರ್ತಿ ಇಳಿಸಿಕೊಂಡು ಯಾರಾದರೂ ಬಳಸಬಹುದು. ಡಿಸ್ಕಾಗ್ಸ್ ತಟ್ಟೆಗಳ ಮಾರುಕಟ್ಟೆಯನ್ನೂ ನಡೆಸುತ್ತದೆ, ಆದರೂ ತನ್ನ ಮಾಹಿತಿಯನ್ನು ತಿಂಗಳಿಗೊಮ್ಮೆ ಹೀಗೆ ಮುಕ್ತವಾಗಿ ಹೊರಬಿಡುತ್ತದೆ.

ಅಮೀರಬಾಯಿಯವರ ಜೀವನಕಥೆಯನ್ನು ರಹಮತ್ ತರೀಕೆರೆ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಅಂಥ ಬರವಣಿಗೆಗೆ ಬೇಕಾದ ಕಚ್ಚಾ ಸಾಮಗ್ರಿ ನಮ್ಮ ಅಟ್ಟಗಳ ಮೇಲೆ ಕೂತಿದೆ. ಅರಗಿನ ತಟ್ಟೆ ಕೈತಪ್ಪಿ ಬಿದ್ದರೆ ಚೂರಾಗುತ್ತದೆ, ಲೇಬಲ್ ಕಾಗದ ಒಂದು ಮಳೆಗಾಲಕ್ಕೆ ನೆನೆದು ಹೋಗುತ್ತದೆ. ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಕೂಟಕ್ಕೆ ನಿಮ್ಮ ತಟ್ಟೆಗಳನ್ನು ತನ್ನಿ. ತರಲಾಗದಿದ್ದರೆ ಎರಡೂ ಬದಿಯ ಲೇಬಲ್‌ಗಳ ಫೋಟೋ ತೆಗೆಸಿ ಕಳಿಸಿ. ಹಾಡಿದವರು ಯಾರು, ಸಾಥ್ ಯಾರದು ಎಂದು ನಿಮ್ಮ ನೆನಪಿನಲ್ಲಿರುವುದನ್ನು ಹೇಳಿ, ಟೈಪ್ ಮಾಡುವ ಕೆಲಸ ನನ್ನದು.