ಟ್ಯಾಂಕ್ ನಿಲ್ಲಿಸಿದ್ರೆ ಮ್ಯೂಸಿಯಂ ಆಗಲ್ಲ: ಮಡಿಕೇರಿಯ ‘ಸನ್ನಿ ಸೈಡ್’ನಿಂದ ಕೋಲಾರ ಕಲಿಯಬೇಕಾದ್ದೇನು?

ಮಾಸ್ತಿ (ಮಾಲೂರು ತಾ.): ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ 1983ರ ಜ್ಞಾನಪೀಠ ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಕಾದಂಬರಿ ಕೊಡಗಿನ ಕೊನೆಯ ಅರಸನದ್ದು. ಮಡಿಕೇರಿಯ ಕಥೆಯನ್ನು ನಾಡಿಗೆ ಹೇಳಿದ್ದು ಮಾಲೂರು ತಾಲ್ಲೂಕಿನವರು. ಈಗ ಅದೇ ಮಡಿಕೇರಿ ತನ್ನ ಸೈನಿಕರ ಕಥೆಯನ್ನು ತಾನೇ ಹೇಳ್ತಿದೆ. ಆದರೆ ಕೋಲಾರ ಜಿಲ್ಲೆ ತನ್ನ ಯುದ್ಧಗಳ ಕಥೆಯನ್ನು ಹೊಲದ ಬದುವಿನಲ್ಲಿ ಬಿಟ್ಟಿದೆ.

ಆರ್‌ಟಿಒ ಕಚೇರಿಯಿಂದ ಮ್ಯೂಸಿಯಂವರೆಗೆ

ಜನರಲ್ ಕೆ.ಎಸ್. ತಿಮ್ಮಯ್ಯ ಹುಟ್ಟಿ ಬೆಳೆದ ಮನೆ ‘ಸನ್ನಿ ಸೈಡ್’ ಒಂದು ಕಾಲಕ್ಕೆ ಆರ್‌ಟಿಒ ಕಚೇರಿಯಾಗಿತ್ತು. ಅದನ್ನು ಮ್ಯೂಸಿಯಂ ಮಾಡಿ, 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. 1953ರಲ್ಲಿ ಕೊರಿಯಾ ಯುದ್ಧಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥ, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆಗಿದ್ದಾಗಲೇ ನಿಧನ. ಇಷ್ಟು ದೊಡ್ಡ ಬದುಕು ಒಂದು ಮನೆಯ ಕೋಣೆಗಳಲ್ಲಿದೆ. ಅಂಗಳದಲ್ಲಿ ಟಿ-55 ಟ್ಯಾಂಕ್, ಪಕ್ಕದಲ್ಲಿ ಯುದ್ಧ ಸ್ಮಾರಕ.

ಪ್ರವಾಸಿಗರು ಟ್ಯಾಂಕ್ ಮುಂದೆ ಸೆಲ್ಫಿ ತಗೊಂಡು ಹೋಗ್ತಾರೆ, ಸರಿ. ಆದರೆ ಸೆಲ್ಫಿಗೆ ಒಮ್ಮೆ ಬಂದವರು ಮತ್ತೆ ಯಾಕೆ ಬರಬೇಕು? ಅದಕ್ಕೆ ಉತ್ತರ ಇರೋದು ಕ್ಯಾಲೆಂಡರ್‌ನಲ್ಲಿ.

ವರ್ಷಪೂರ್ತಿ ನೆಪಗಳು

ಜನವರಿ 15 ಸೇನಾ ದಿನ. 1949ರಲ್ಲಿ ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯ ಮುಖ್ಯಸ್ಥರಾದ ದಿನ ಅದು. ಜನವರಿ 28 ಕಾರ್ಯಪ್ಪ ಜಯಂತಿ, ಮಾರ್ಚ್ 31 ತಿಮ್ಮಯ್ಯ ಜಯಂತಿ. ಜುಲೈ 26 ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 16 ಬಾಂಗ್ಲಾ ಯುದ್ಧದ ವಿಜಯ ದಿನ. ಒಂದೊಂದು ದಿನಕ್ಕೂ ಶಾಲಾ ಮಕ್ಕಳು, ಮಾಜಿ ಸೈನಿಕರು, ಅಧಿಕಾರಿಗಳನ್ನು ಒಂದೇ ಕಡೆ ಸೇರಿಸೋಕೆ ಒಂದು ಕಾರಣ ಸಿಗುತ್ತೆ. ಕಟ್ಟಡ ಜೀವಂತ ಇರೋದು ಹೀಗೆ.

ನಿರ್ವಹಣೆ ಇನ್ನೊಂದು ಮಾತು. ಕಾರವಾರದ ಕಡಲತೀರದಲ್ಲಿ 2006ರಿಂದ ಮ್ಯೂಸಿಯಂ ಆಗಿರುವ ‘ಚಾಪೆಲ್’ ಯುದ್ಧನೌಕೆಯನ್ನೇ ನೋಡಿ. ಉಪ್ಪುಗಾಳಿ, ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತೆ. ವರ್ಷವರ್ಷ ಬಣ್ಣ, ರಿಪೇರಿ ಮಾಡಲೇಬೇಕು. ಉದ್ಘಾಟನೆಗೆ ದುಡ್ಡು ಹೊಂದಿಸೋದು ಸುಲಭ, ಐದನೇ ವರ್ಷದ ಬಣ್ಣಕ್ಕೆ ಹೊಂದಿಸೋದು ಕಷ್ಟ.

ಕೋಲಾರದ ಬಳಿ ಏನಿದೆ?

ಸರಕಿಗೆ ಕೊರತೆಯಿಲ್ಲ. ಹೈದರ್ ಅಲಿ ಹುಟ್ಟಿದ ಬೂದಿಕೋಟೆ ನಮ್ಮ ಜಿಲ್ಲೆಯದ್ದೇ. ಆತನ ತಂದೆ ಫತೇ ಮಹಮ್ಮದ್ ಸಮಾಧಿ ಕೋಲಾರದಲ್ಲಿದೆ. 1782ರಲ್ಲಿ ಹೈದರ್ ಸತ್ತಾಗ ದೇಹವನ್ನು ಮೊದಲು ತಂದಿದ್ದೂ ಕೋಲಾರಕ್ಕೆ, ಆಮೇಲೆ ಶ್ರೀರಂಗಪಟ್ಟಣಕ್ಕೆ. 1768ರ ಅಕ್ಟೋಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್ ಪಡೆಗೂ ಹೈದರ್ ಸೇನೆಗೂ ಕಾದಾಟ ನಡೆದದ್ದು ಮುಳಬಾಗಿಲಿನಲ್ಲಿ.

ಅದಕ್ಕಿಂತ ಹಳೆಯದು ವೀರಗಲ್ಲು, ಮಾಸ್ತಿಕಲ್ಲು. ಊರು ಕಾಯಲು, ದನ ಬಿಡಿಸಲು ಹೋರಾಡಿ ಸತ್ತವನಿಗೆ ವೀರಗಲ್ಲು. ಅವನ ಹಿಂದೆ ಪ್ರಾಣ ಬಿಟ್ಟ ಹೆಂಡತಿಗೆ ಮಾಸ್ತಿಕಲ್ಲು. ‘ಮಾಸ್ತಿ’ ಎಂಬ ಪದವೇ ‘ಮಹಾಸತಿ’ಯಿಂದ ಬಂದದ್ದು. ಸತಿ ಪದ್ಧತಿಯನ್ನು ಇಂದು ಯಾರೂ ಹೊಗಳಬೇಕಿಲ್ಲ. ಯುದ್ಧದ ಬೆಲೆಯನ್ನು ಮನೆಯ ಹೆಣ್ಣು ಹೇಗೆ ತೆತ್ತಳು ಅನ್ನೋದಕ್ಕೆ ಆ ಕಲ್ಲು ಸಾಕ್ಷಿ.

ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಮಾಲೂರು ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ಆ ಪಟ್ಟಿ ಹಿಡಿದು ಯಾವ ಕಲ್ಲು ಈಗಲೂ ನಿಂತಿದೆ, ಯಾವುದು ಬಟ್ಟೆ ಒಗೆಯೋ ಕಲ್ಲಾಗಿದೆ, ಯಾವುದು ಲೇಔಟ್ ಕೆಳಗೆ ಹೋಗಿದೆ ಎಂದು ಹೈಸ್ಕೂಲ್ ಮಕ್ಕಳೂ ನೋಡಿ ಬರಬಹುದು. ಒಂದು ವರ್ಷದ ಕೆಲಸಕ್ಕೆ ಅಷ್ಟೇ ಸಾಕು.

ಮೊದಲು ಪಟ್ಟಿ, ಆಮೇಲೆ ಕಟ್ಟಡ

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಹೈದರ್-ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಸಿಕ್ಕವು. ಜಿಲ್ಲೆಯಲ್ಲೇ ಸರ್ಕಾರಿ ಮ್ಯೂಸಿಯಂ ಇದ್ದದ್ದರಿಂದ ಅವು ಅಲ್ಲೇ ಉಳಿದವು. ನಾಳೆ ಮಾಲೂರಿನ ಹೊಲದಲ್ಲಿ ಏನಾದರೂ ಸಿಕ್ಕರೆ ಇಡೋದು ಎಲ್ಲಿ? ಗುಜರಿ ಅಂಗಡಿಗೆ ಹೋಗೋದನ್ನ ತಡೆಯೋರು ಯಾರು?

ಮಾಸ್ತಿಗೆ ಕೋಟಿಗಟ್ಟಲೆ ಕಟ್ಟಡ ಈಗಲೇ ಬೇಕಿಲ್ಲ. ಮಾಸ್ತಿಯವರ ಮನೆ ಗ್ರಂಥಾಲಯವಾಗಿದೆ. ಅಲ್ಲೊಂದು ಗೋಡೆಗೆ ಕಲ್ಲುಗಳ ಫೋಟೊ, ಓದು, ನಕ್ಷೆ ಹಾಕಬಹುದು. ಕಲ್ಲನ್ನು ಕಿತ್ತು ತರಬಾರದು. ಇದ್ದ ಜಾಗದಲ್ಲೇ ಕಟ್ಟೆ, ಫಲಕ ಸಾಕು. ಹೋಬಳಿಯ ಮಾಜಿ ಸೈನಿಕರನ್ನು ವರ್ಷಕ್ಕೆ ಎರಡು ಸಲ ಕರೆದು ಮಕ್ಕಳ ಮುಂದೆ ಮಾತಾಡಿಸಬಹುದು. ಏಪ್ರಿಲ್ 18ರ ಪರಂಪರೆ ದಿನ, ಜೂನ್ 6ರ ಮಾಸ್ತಿ ಜಯಂತಿ, ಜುಲೈ 26, ಡಿಸೆಂಬರ್ 16: ವರ್ಷಕ್ಕೆ ನಾಲ್ಕು ದಿನ ಗಟ್ಟಿಯಾದರೂ ಆಯ್ತು.

ಜನ ಬಂದ್ರೆ ಟೀ ಅಂಗಡಿ, ಹೋಟೆಲ್, ಆಟೊ ಎಲ್ಲಕ್ಕೂ ನಾಲ್ಕು ಕಾಸು. ಹಾಗಾಗಿ ವರ್ತಕರೂ ಇದನ್ನು ಪಂಚಾಯ್ತಿಯ ಕೆಲಸ ಅಂತ ಕೈಬಿಡದೆ ಒಂದೊಂದು ಫಲಕದ ಖರ್ಚು ಹೊರಬಹುದು. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಎಷ್ಟು ವೀರಗಲ್ಲಿವೆ, ಪಟ್ಟಿ ಎಲ್ಲಿ?