ಹಾಸುಹೊಕ್ಕಿನ ಮಾತು, ಕೊಂಡಿಯಿಲ್ಲದ ಸೆರಗು

ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಹೊರನಾಡ ಕನ್ನಡಿಗರು ತಪ್ಪದೆ ಆಡುವ ಮಾತೊಂದಿದೆ: ಕನ್ನಡ ನಮ್ಮ ಬಾಳಿನಲ್ಲಿ ಹಾಸುಹೊಕ್ಕಾಗಿದೆ. ಹಾಸೆಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು, ಹೊಕ್ಕೆಂದರೆ ಲಾಳಿ ಅಡ್ಡಕ್ಕೆ ಹಾಯಿಸುವ ನೂಲು. ಆಡುವವರಲ್ಲಿ ಎಷ್ಟು ಮಂದಿಗೆ ಆ ಕ್ಷಣದಲ್ಲಿ ಮಗ್ಗ ನೆನಪಾಗುತ್ತದೆಯೋ ಕಾಣೆ. ಕಳೆದ ನವೆಂಬರಿನಲ್ಲಿ ಪುಣೆಯ ನಮ್ಮ ಸಂಘದ ಸಮೂಹಗಾನಕ್ಕೆಂದು ನಲವತ್ತು ಇಳಕಲ್ ಸೀರೆಗಳನ್ನು ಪೇಟೆಯ ಅಂಗಡಿಯೊಂದರಿಂದ ಸಗಟಾಗಿ ತಂದೆವು. ಬಿಲ್ಲಿಗೆ ಸಹಿ ಹಾಕಿದವನು ನಾನೇ. ಕಾರ್ಯಕ್ರಮ ಮುಗಿದ ಮೇಲೆ ಬಾಗಲಕೋಟೆ ಕಡೆಯ ಹಿರಿಯ ಸದಸ್ಯೆಯೊಬ್ಬರು ಸೆರಗನ್ನು ಮಗುಚಿ ತೋರಿಸಿ, “ಇದಕ್ಕ ಕೊಂಡೀನ ಇಲ್ಲಲ್ರೀ ಸಾಹೇಬ್ರ” ಎಂದರು. ನಲವತ್ತರಲ್ಲಿ ಒಂದಕ್ಕೂ ಇರಲಿಲ್ಲ.

ಇಳಕಲ್ ಸೀರೆಯ ಜೀವವಿರುವುದು ಆ ಕೊಂಡಿಯಲ್ಲಿ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹೆಚ್ಚಾಗಿ ಹತ್ತಿಯ ನೂಲು. ಸೆರಗಿಗೂ ದಡಿಗೂ ರೇಷ್ಮೆ, ಅದಿಲ್ಲದಿದ್ದರೆ ಕೃತಕ ರೇಷ್ಮೆ, ಎರಡಕ್ಕೂ ಸಾಮಾನ್ಯವಾಗಿ ಒಂದೇ ಕೆಂಪು. ಬಣ್ಣ ಹಾಕುವುದು ನೂಲಿಗೆ, ನೇಯ್ದ ಬಟ್ಟೆಗಲ್ಲ. ಹಾಸುಗಳು ಸಿದ್ಧವಾದ ಮೇಲೆ ಒಡಲಿನ ಒಂದೊಂದು ಎಳೆಯ ಕುಣಿಕೆಗೂ ಸೆರಗಿನ ಒಂದೊಂದು ಎಳೆಯ ಕುಣಿಕೆಯನ್ನು ಸಿಕ್ಕಿಸಿ ಜೋಡಿಸಬೇಕು. ನೇಕಾರರು ಇದನ್ನು ತೋಪ ತೆಣಿ ಎನ್ನುತ್ತಾರೆ. ಹೀಗೆ ಸಾವಿರಾರು ಎಳೆಗಳನ್ನು ಜೋಡಿಸಿದರೆ ಒಂದು ಸೀರೆಗೆ ಆಯಿತು. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ. ವಿದ್ಯುತ್ ಮಗ್ಗಕ್ಕೆ ಈ ತಾಳ್ಮೆ ಒಗ್ಗದು. ಹಲವಾರು ಸೀರೆಗಳಿಗಾಗುವಷ್ಟು ಉದ್ದದ ಒಂದೇ ಹಾಸನ್ನು ಸುತ್ತಿ, ಸೆರಗು ಬಂದೊಡನೆ ಅಡ್ಡ ನೂಲಿನ ಬಣ್ಣವನ್ನಷ್ಟೇ ಬದಲಿಸಿದರೆ ಅದರ ಕೆಲಸ ಮುಗಿಯಿತು. ಹಸಿರು ಒಡಲಿನ ಎಳೆಗಳು ಸೆರಗಿನ ಕೆಂಪಿನೊಳಗೂ ಹರಿದು ಆ ಕೆಂಪನ್ನು ಮಂಕಾಗಿಸುತ್ತವೆ. ಕಣ್ಣಿದ್ದವರಿಗೆ ಇಷ್ಟು ಸಾಕು. ನನಗೆ ಐವತ್ತಾರರ ತನಕ ಆ ಕಣ್ಣಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅಗ್ಗದ ಸೀರೆ ಬೇಡವೆಂದರೆ ಬಡವರು ಏನುಡಬೇಕು ಎಂದು ಸಮಿತಿಯ ಮಿತ್ರರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಭಿವಂಡಿಯಲ್ಲಿ ವಿದ್ಯುತ್ ಮಗ್ಗದ ಗದ್ದಲದ ನಡುವೆ ದುಡಿಯುವ ಕಾರ್ಮಿಕನೂ ಬಹುಮಟ್ಟಿಗೆ ನಮ್ಮಂತೆಯೇ ಊರು ಬಿಟ್ಟು ಬಂದವನು. ಅವನ ಅನ್ನದ ಮೇಲೆ ನನಗೆ ಕೋಪವಿಲ್ಲ. ಆ ಬಟ್ಟೆ ತನ್ನ ಹೆಸರಿನಲ್ಲಿಯೇ ಮಾರಾಟವಾಗಲಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವನ ಊರಿನ ಹೆಸರನ್ನು ಅದಕ್ಕೆ ಅಂಟಿಸುವುದು ಕಳ್ಳತನ. ತಿಳಿದೂ ಕೊಳ್ಳುವುದು ಕಳ್ಳಮಾಲಿನ ವ್ಯವಹಾರ. ಮೇಲಾಗಿ ನಾವು ತಂದದ್ದು ಬಡವರಿಗಾಗಿ ಅಲ್ಲ, ವೇದಿಕೆಯ ಶೋಭೆಗಾಗಿ.

ಸರ್ಕಾರವೇನು ಮಾಡುತ್ತಿದೆ ಎಂಬ ಪ್ರಶ್ನೆ ಸಹಜವಾಗಿ ನನ್ನತ್ತಲೇ ತಿರುಗುತ್ತದೆ. ಕಾಯಿದೆ ಇದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕಾಯಿದೆಯನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಎತ್ತಿಹಿಡಿಯಿತು. ಉಲ್ಲಂಘಿಸಿದವರಿಗೆ ಆ ಕಾಯಿದೆ ಮೂಲದಲ್ಲಿ ಗೊತ್ತುಮಾಡಿದ್ದು ಆರು ತಿಂಗಳವರೆಗೆ ಸೆರೆ, ಅಥವಾ ಮಗ್ಗವೊಂದಕ್ಕೆ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಡತಗಳ ನಡುವೆ ಮೂರು ದಶಕ ಕಳೆದವನಾಗಿ ಹೇಳುತ್ತೇನೆ: ಐದು ಸಾವಿರದ ದಂಡಕ್ಕೆ ಹೆದರುವ ವರ್ತಕ ಇನ್ನೂ ಹುಟ್ಟಿಲ್ಲ. 2015ರಲ್ಲಿ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಸಾರಿದ ಸರ್ಕಾರವೇ 2020ರ ಜುಲೈಯಲ್ಲಿ, ಆ ದಿನಕ್ಕೆ ಎರಡು ವಾರವೂ ಇಲ್ಲದಿರುವಾಗ, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದುಪಡಿಸಿತು. 2009-10ರ ಗಣತಿಯಲ್ಲಿ 43.31 ಲಕ್ಷವಿದ್ದ ಕೈಮಗ್ಗದ ನೇಕಾರರು ಮತ್ತು ಸಹಾಯಕ ಕೆಲಸಗಾರರ ಸಂಖ್ಯೆ 2019-20ರ ಗಣತಿಗೆ 35.22 ಲಕ್ಷಕ್ಕೆ ಇಳಿದಿದೆ. ಇವರಲ್ಲಿ ಬಹುಪಾಲು ಹೆಂಗಸರು.

ಆದರೂ ಸರ್ಕಾರವನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಾಯಿದೆ ತಡೆಯುವುದು ನೇಯುವವನನ್ನು, ಕೊಳ್ಳುವವನನ್ನಲ್ಲ. ಮಹಾರಾಷ್ಟ್ರದಲ್ಲಿ ಈ ಸೀರೆಯನ್ನು ಇರಕಲ್ ಎಂದು ಕರೆದು ತಲೆಮಾರುಗಳಿಂದ ಉಟ್ಟವರಿದ್ದಾರೆ. ಅವರ ಅಭಿಮಾನಕ್ಕೆ ಭಾಷಣದ ಹಂಗಿಲ್ಲ. ನಾವೋ, ನೇಕಾರನಾಗಿದ್ದ ದೇವರ ದಾಸಿಮಯ್ಯನ ವಚನಗಳನ್ನು ಹಾಡಿಸುತ್ತೇವೆ, ಹಾಡುವವರಿಗೆ ಸುಳ್ಳು ಸೆರಗು ಹೊದಿಸುತ್ತೇವೆ.

ಆದ್ದರಿಂದ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಈ ನಿರ್ಣಯವನ್ನು ಬರೆದುಕೊಟ್ಟಿದ್ದೇನೆ: ಸೀರೆಗಳಿಗೆ ಮೂರು ತಿಂಗಳು ಮೊದಲೇ ಇಳಕಲ್ಲಿನ ನೇಕಾರರಿಗೆ ನೇರವಾಗಿ ಬೇಡಿಕೆ ಸಲ್ಲಿಸಿ ಮುಂಗಡ ಕೊಡುವುದು, ಹಣ ಹತ್ತಕ್ಕೇ ಸಾಲುವುದಾದರೆ ಹತ್ತೇ ತರಿಸುವುದು, ಉಳಿದ ಮೂವತ್ತು ಮಂದಿ ತಮ್ಮ ಮನೆಯ ಸೀರೆಗಳನ್ನೇ ಉಟ್ಟು ಬರುವುದು, ಕೊಂಡಿಯಿಲ್ಲದ ಸೀರೆಗೆ ಸಂಘದ ಲೆಕ್ಕದಲ್ಲಾಗಲಿ ಆಮಂತ್ರಣದಲ್ಲಾಗಲಿ ಇಳಕಲ್ಲಿನ ಹೆಸರು ಹಾಕದಿರುವುದು. ನಿರ್ಣಯಕ್ಕೆ ಇನ್ನೂ ಅನುಮೋದಕರು ಸಿಕ್ಕಿಲ್ಲ.